‘ನನಗೆ ಗೊತ್ತಿರಲಿಲ್ಲ’ ಎನ್ನುವ ಮುನ್ನ

ಮನುಷ್ಯನು ತನ್ನ ತಪ್ಪಿಗೆ ಕೊಡುವ ಸಮಜಾಯಿಷಿಗಳಲ್ಲಿ ಅತ್ಯಂತ ಹಳೆಯದೂ ಅತ್ಯಂತ ಸುಲಭವೂ ಆದುದು ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು. ಅನೇಕ ಸಂದರ್ಭಗಳಲ್ಲಿ ಅದು ನಿಜವಾದ ಮಾತೇ ಆಗಿರುತ್ತದೆ. ನ್ಯಾಯಾಧೀಶನೂ ತಾಯಿಯೂ ಅದನ್ನು ಒಪ್ಪಿಕೊಂಡು ಕ್ಷಮಿಸುತ್ತಾರೆ. ಆದರೆ ಕೆಲವೊಮ್ಮೆ ಅದೇ ಮಾತು ನಮ್ಮ ಬಾಯಿಂದ ಹೊರಡುವಾಗ ಒಳಗೆಲ್ಲೋ ಸಣ್ಣ ಅಳುಕೊಂದು ಉಳಿದುಬಿಡುತ್ತದೆ. ಗೊತ್ತಿರಲಿಲ್ಲ, ಸರಿ, ಆದರೆ ಗೊತ್ತುಮಾಡಿಕೊಳ್ಳಬಹುದಿತ್ತಲ್ಲವೇ? ಅಜ್ಞಾನವು ಯಾವಾಗ ನಿರಪರಾಧ, ಯಾವಾಗ ಅಪರಾಧ? ತತ್ತ್ವಜ್ಞಾನಿಗಳು ಶತಮಾನಗಳಿಂದ ಚರ್ಚಿಸಿರುವ ಈ ಪ್ರಶ್ನೆಯನ್ನು ಇಂದು ನಾವು ಗ್ರಂಥಾಲಯದಿಂದ ಹೊರಗೆ ತಂದು, ನಮ್ಮ ಮನೆಯಂಗಳದಲ್ಲಿ ನಿಂತಿರುವ ಕಾರಿನ ಬಾನೆಟ್ಟಿನ ಕೆಳಗೆ ಇಟ್ಟು ನೋಡೋಣ. ಅಲ್ಲಿ ಅಂಗೈಯಗಲದ ಒಂದು ತೆಳು ಹಾಳೆಯಿದೆ. ಅದರ ಹೆಸರು ಗ್ಯಾಸ್ಕೆಟ್. ಗ್ಯಾರೇಜಿನವರು ಅದನ್ನು ‘ಪ್ಯಾಕಿಂಗ್’ ಎಂದೂ ಕರೆಯುತ್ತಾರೆ.

ಎರಡು ಲೋಹಗಳ ನಡುವೆ

ಎಂಜಿನ್ನಿನ ಸಿಲಿಂಡರುಗಳಲ್ಲಿ ಉರಿದ ಇಂಧನದ ಅನಿಲವು ಮೊದಲು ಮ್ಯಾನಿಫೋಲ್ಡ್ ಎಂಬ ಕವಲುಕೊಳವೆಗೆ ಬರುತ್ತದೆ. ಅಲ್ಲಿಂದ ಉದ್ದನೆಯ ಕೊಳವೆ, ಅನಿಲವನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಸದ್ದಡಗಿಸುವ ಸೈಲೆನ್ಸರ್‌ಗಳ ಮೂಲಕ ಸಾಗಿ ವಾಹನದ ಹಿಂಬದಿಯಿಂದ ಹೊರಹೋಗುತ್ತದೆ. ಈ ದಾರಿಯಲ್ಲಿ ಒಂದು ಭಾಗವು ಇನ್ನೊಂದಕ್ಕೆ ಕೂಡುವ ಜಾಗಗಳಲ್ಲಿ ಗ್ಯಾಸ್ಕೆಟ್ ಇರುತ್ತದೆ. ಅವುಗಳಲ್ಲಿ ಅತಿ ಕಠಿಣವಾದ ಸೇವೆ ಸಲ್ಲಿಸುವುದು ಎಂಜಿನ್ನಿನ ಹೆಡ್ ಮತ್ತು ಮ್ಯಾನಿಫೋಲ್ಡುಗಳ ನಡುವೆ ಕುಳಿತಿರುವ ಗ್ಯಾಸ್ಕೆಟ್.

ಎರಡು ಲೋಹದ ಮುಖಗಳನ್ನು ಎಷ್ಟೇ ನುಣುಪಾಗಿ ಕಡೆದರೂ ಅವುಗಳ ನಡುವೆ ಕಣ್ಣಿಗೆ ಕಾಣದ ಏರುತಗ್ಗುಗಳು ಉಳಿಯುತ್ತವೆ. ಬೋಲ್ಟುಗಳನ್ನು ಬಿಗಿದಾಗ ಗ್ಯಾಸ್ಕೆಟ್ ಹಿಸುಕಲ್ಪಟ್ಟು ಆ ತಗ್ಗುಗಳನ್ನು ತುಂಬಿಕೊಳ್ಳುತ್ತದೆ. ಗ್ರಾಫೈಟ್ ಅಥವಾ ಪದರ ಪದರವಾದ ಉಕ್ಕಿನ ಹಾಳೆಗಳಿಂದ ಇಂದು ಇದನ್ನು ಮಾಡುತ್ತಾರೆ. ಕಾರು ಭಾರ ಹೊತ್ತು ಏರು ಹತ್ತುವಾಗ ಇಲ್ಲಿ ಹಾಯುವ ಅನಿಲದ ಉಷ್ಣತೆ 800 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗಬಹುದು. ಹೆಡ್ ಸಾಮಾನ್ಯವಾಗಿ ಅಲ್ಯೂಮಿನಿಯಂನದು, ಮ್ಯಾನಿಫೋಲ್ಡ್ ಅನೇಕ ಕಾರುಗಳಲ್ಲಿ ಎರಕದ ಕಬ್ಬಿಣದ್ದು. ಒಂದೇ ಪ್ರಮಾಣದ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಮ್ಯಾನಿಫೋಲ್ಡಾದರೋ ಹೆಡ್ಡಿಗಿಂತ ಬಹಳ ಹೆಚ್ಚು ಕಾಯುತ್ತದೆ. ಹೀಗೆ ಪ್ರತಿ ಪ್ರಯಾಣದಲ್ಲೂ ಎರಡು ಲೋಹಗಳು ತಮ್ಮ ತಮ್ಮ ಅಳತೆಯಲ್ಲಿ ಹಿಗ್ಗಿ ಕುಗ್ಗುತ್ತವೆ. ಆ ಎಳೆದಾಟವನ್ನೆಲ್ಲ ಮಧ್ಯದಲ್ಲಿರುವ ಈ ತೆಳು ಹಾಳೆ ವರ್ಷಾನುಗಟ್ಟಲೆ ತಾಳಿಕೊಳ್ಳುತ್ತದೆ.

ನಮ್ಮ ನಾಡಿನ ಸಾವಿರಾರು ಮಧ್ಯಮ ವರ್ಗದ ಕುಟುಂಬಗಳ ಮೊದಲ ಕಾರು ಮಾರುತಿ 800 ಆಗಿತ್ತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಆ ಕಾರು ಇಂದಿಗೂ ಅಲ್ಲಲ್ಲಿ ಓಡುತ್ತಿದೆ. ಅದರ 796 ಸಿ.ಸಿ. ಎಂಜಿನ್ನಿನಲ್ಲಿ ಇರುವುದು ಮೂರೇ ಸಿಲಿಂಡರು. ಅಷ್ಟು ಚಿಕ್ಕ ಎಂಜಿನ್ನಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಕಾಲು ಶತಮಾನ ಕಳೆದ ಕಾರಿನ ಬೋಲ್ಟುಗಳು ತುಕ್ಕು ಹಿಡಿಯುತ್ತವೆ, ಬಿಗಿ ಸಡಿಲುತ್ತದೆ, ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಸುಟ್ಟು ಅಲ್ಲಿ ದಾರಿ ಬಿಡುತ್ತದೆ.

ತಾನಾಗಿಯೇ ಅಡಗುವ ದೋಷ

ಈ ದೋಷದ ಸ್ವಭಾವವು ವಿಚಿತ್ರವಾದುದು. ಮುಂಜಾನೆ ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿದಾಗ ‘ಟಿಕ್ ಟಿಕ್’ ಎಂಬ ಸದ್ದು ಕೇಳಿಸುತ್ತದೆ; ಆಕ್ಸಿಲರೇಟರ್ ಒತ್ತಿದಷ್ಟೂ ಅದು ಬೇಗ ಬೇಗ ಬರುತ್ತದೆ. ಆದರೆ ಐದು ಹತ್ತು ನಿಮಿಷಗಳಲ್ಲಿ ಲೋಹವು ಕಾಯ್ದು ಹಿಗ್ಗಿ ಸಂದು ಕಿರಿದಾಗುತ್ತದೆ, ಸದ್ದು ಕಡಿಮೆಯಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಯಜಮಾನನು ನಿಟ್ಟುಸಿರು ಬಿಟ್ಟು, ಏನೂ ಇರಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಸದ್ದು ನಿಂತದ್ದು ದೋಷ ಹೋಯಿತೆಂಬುದಕ್ಕೆ ಸಾಕ್ಷಿಯಲ್ಲ. ನಾಳೆ ಬೆಳಿಗ್ಗೆ ಅದು ಮತ್ತೆ ಬರುತ್ತದೆ. ಅನೇಕರು ಅದನ್ನು ಟ್ಯಾಪೆಟ್ ಸದ್ದೆಂದು ಭಾವಿಸಿ ಸುಮ್ಮನಾಗುವುದೂ ಉಂಟು.

ಇನ್ನೂ ಕೆಲವು ಗುರುತುಗಳಿವೆ. ಕೂಡುವ ಜಾಗದ ಸುತ್ತ ಕಪ್ಪು ಮಸಿಯ ಗೆರೆಗಳು. ಸಿಗ್ನಲ್ಲಿನಲ್ಲಿ ನಿಂತಾಗ ಒಳಗೆ ಸುಳಿಯುವ ಹೊಗೆಯ ವಾಸನೆ. ಕಾರಣ ತಿಳಿಯದೆ ಕಡಿಮೆಯಾಗುವ ಮೈಲೇಜು. ಈ ಕೊನೆಯದರ ಹಿಂದೆ ಸ್ವಾರಸ್ಯಕರವಾದ ಕಾರಣವೊಂದಿದೆ. ಇಂಧನವನ್ನು ಇಂಜೆಕ್ಷನ್ ಮೂಲಕ ಒದಗಿಸುವ ಕಾರುಗಳಲ್ಲಿ ಹೊರಹೋಗುವ ಅನಿಲದಲ್ಲಿ ಆಮ್ಲಜನಕ ಎಷ್ಟಿದೆಯೆಂದು ನೋಡುವ ಸೆನ್ಸರ್ ಇರುತ್ತದೆ. ಅನಿಲವು ಅಲೆ ಅಲೆಯಾಗಿ ಹಾಯುವುದರಿಂದ, ಒಂದು ಅಲೆ ಸಂದಿನಿಂದ ಅನಿಲವನ್ನು ಹೊರದೂಡಿದರೆ ಅದರ ಹಿಂದಿನ ಇಳಿತವು ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಸೆನ್ಸರ್ ಆ ಗಾಳಿಯ ಆಮ್ಲಜನಕವನ್ನು ಕಂಡು, ಎಂಜಿನ್ನಿಗೆ ಇಂಧನ ಸಾಲದೆಂದು ವರದಿ ಮಾಡುತ್ತದೆ. ಕಂಪ್ಯೂಟರು ಬೇಡದ ಇಂಧನವನ್ನು ಇನ್ನಷ್ಟು ಸುರಿಯುತ್ತದೆ. ಇಲ್ಲಿ ಸೆನ್ಸರ್ ಸುಳ್ಳು ಹೇಳಲಿಲ್ಲ. ತನ್ನ ಮುಂದೆ ಬಂದುದನ್ನು ಪ್ರಾಮಾಣಿಕವಾಗಿಯೇ ಹೇಳಿತು. ಪ್ರಾಮಾಣಿಕ ಸಾಕ್ಷಿಯೂ ತಪ್ಪು ತೀರ್ಪಿಗೆ ಕಾರಣವಾಗಬಹುದು ಎಂಬುದನ್ನು ನಾವು ನೆನಪಿಡಬೇಕು.

ಹೊಗೆ ತಪಾಸಣೆಯ ಪ್ರಮಾಣಪತ್ರ ಇದೆಯಲ್ಲ ಎಂದು ಕೆಲವರು ಕೇಳಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆ ಪತ್ರ ಕಡ್ಡಾಯ. ಅದು ಒಳ್ಳೆಯ ನಿಯಮವೇ. ಆದರೆ ಪರೀಕ್ಷಕನು ಪೆಟ್ರೋಲ್ ಕಾರಿನ ಹಿಂಬದಿಯ ಕೊಳವೆಯ ತುದಿಯಲ್ಲಿ ನಳಿಕೆ ಇಟ್ಟು ಅಲ್ಲಿಂದ ಬರುವುದನ್ನಷ್ಟೇ ಅಳೆಯುತ್ತಾನೆ. ದಾರಿಯ ಮಧ್ಯದಲ್ಲೇ ಸೋರಿಹೋದುದು ಆ ಲೆಕ್ಕಕ್ಕೆ ಸಿಗುವುದಿಲ್ಲ. ಕಾಗದ ಸರಿಯಾಗಿದ್ದ ಮಾತ್ರಕ್ಕೆ ಕಾರು ಸರಿಯಾಗಿದೆಯೆಂದು ಹೇಳಲಾಗದು.

ಹಿಂದಿನ ಸೀಟಿನವರು

ಸೋರುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ದೇಹವು ಉಸಿರಾಡುತ್ತಲೇ ಆಮ್ಲಜನಕಕ್ಕಾಗಿ ಹಸಿಯುತ್ತದೆ. ಶುದ್ಧ ಗಾಳಿಗೆ ಬಂದ ಮೇಲೂ ರಕ್ತದಲ್ಲಿ ಸೇರಿದುದರ ಅರ್ಧಭಾಗ ಇಳಿಯಲು ನಾಲ್ಕೈದು ಗಂಟೆ ಬೇಕು. ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲೋದ್ ಬರ್ನಾರ್ಡ್ 1850ರ ದಶಕದಲ್ಲಿ ಈ ವಿಷದ ಬಗೆಯನ್ನು ವಿವರಿಸಿದನು. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಸ್ಫೋಟವಾದಾಗ ಸತ್ತವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಸ್ಫೋಟವಲ್ಲ, ಆ ನಂತರ ಹರಡಿದ ಈ ಅನಿಲ ಎಂದು ಜೆ. ಎಸ್. ಹಾಲ್ಡೇನ್ 1896ರಲ್ಲಿ ತೋರಿಸಿಕೊಟ್ಟನು. ಮನುಷ್ಯನಿಗಿಂತ ಬೇಗ ವಿಷಕ್ಕೆ ತುತ್ತಾಗುವ ಚಿಕ್ಕ ಪ್ರಾಣಿಗಳನ್ನು ಗಣಿಗೆ ಕೊಂಡೊಯ್ಯಬೇಕೆಂಬ ಸಲಹೆಯೂ ಅವನದೇ. ಪಂಜರದ ಕ್ಯಾನರಿ ಹಕ್ಕಿಗಳ ಆ ಸೇವೆ ಅಲ್ಲಿ 1986ರಲ್ಲಿ ಮುಗಿಯಿತು.

ನಾವು ಉತ್ಪ್ರೇಕ್ಷೆ ಮಾಡಬಾರದು. ಓಡುವ ಕಾರಿನ ಸಣ್ಣ ಸೋರಿಕೆಯನ್ನು ಹೆಚ್ಚಿನ ಸಂದರ್ಭಗಳಲ್ಲಿ ಗಾಳಿಯೇ ಒಯ್ದುಬಿಡುತ್ತದೆ. ಆದರೆ ಮ್ಯಾನಿಫೋಲ್ಡಿನ ಬಳಿ ಸೋರುವ ಅನಿಲವು ಕನ್ವರ್ಟರನ್ನು ಇನ್ನೂ ದಾಟದ, ಶುದ್ಧಿಯಾಗದ ಅನಿಲ. ಕಾರಿನ ಒಳಕ್ಕೆ ಗಾಳಿ ತರುವ ಕಿಂಡಿ ಸಾಮಾನ್ಯವಾಗಿ ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂಬದಿಯಲ್ಲೇ ಇರುತ್ತದೆ. ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಸಾಲುಗಟ್ಟಿ, ಮಳೆಗೆ ಗಾಜುಗಳನ್ನೆಲ್ಲ ಏರಿಸಿ, ಗಂಟೆಗಟ್ಟಲೆ ತೆವಳುವಾಗ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟಿರುವಾಗ. ತಳದ ತಗಡು ತುಕ್ಕು ತಿಂದು ತೂತಾಗಿರುವಾಗ ಮಾತು ಬೇರೆಯಾಗುತ್ತದೆ. ಹಿಂದಿನ ಸೀಟಿನ ಮಗುವಿಗೆ ತಲೆನೋಯುತ್ತದೆ, ಅಜ್ಜಿಗೆ ಹೊಟ್ಟೆ ತೊಳಸುತ್ತದೆ. ಘಾಟಿಯ ತಿರುವುಗಳ ಮೇಲೆ ತಪ್ಪು ಹೊರಿಸಿ, ಅವರ ಕೈಗೆ ನಿಂಬೆಹಣ್ಣು ಕೊಡುತ್ತೇವೆ.

ಇಲ್ಲಿ ನೈತಿಕ ಪ್ರಶ್ನೆ ಸ್ಪಷ್ಟವಾಗುತ್ತದೆ. ಹಿಂದೆ ಕುಳಿತವರು ಯಾವ ಕಾಗದಕ್ಕೂ ಸಹಿ ಹಾಕಿಲ್ಲ, ಅಪಾಯವನ್ನು ಒಪ್ಪಿ ಹತ್ತಿದವರಲ್ಲ. ಕಾರಿನ ಸ್ಥಿತಿ ಅವರಿಗೆ ತಿಳಿಯದು. ತಿಳಿಯಬೇಕಾದ ಅಗತ್ಯವೇ ಇಲ್ಲವೆಂಬಷ್ಟು ನಂಬಿಕೆಯಿಂದ ಅವರು ಬಾಗಿಲು ಮುಚ್ಚಿಕೊಂಡಿದ್ದಾರೆ. ಅವರ ಪರವಾಗಿ ತಿಳಿಯುವ ಕೆಲಸವನ್ನು ಸ್ಟಿಯರಿಂಗ್ ಹಿಡಿದವನು ಮಾತಿಲ್ಲದೆಯೇ ವಹಿಸಿಕೊಂಡಿದ್ದಾನೆ.

ಹಡಗಿನ ಯಜಮಾನ

ಅಜ್ಞಾನದಲ್ಲಿ ಎರಡು ಬಗೆಯಿದೆಯೆಂದು ಹಿರಿಯರು ಗುರುತಿಸಿದ್ದಾರೆ. ತನ್ನ ಅಜ್ಞಾನಕ್ಕೆ ತಾನೇ ಕಾರಣನಾದವನನ್ನು, ಎಚ್ಚರವಹಿಸಬಹುದಾಗಿದ್ದೂ ಅಲಕ್ಷ್ಯ ಮಾಡಿದವನನ್ನು ಶಿಕ್ಷಿಸುವುದು ನ್ಯಾಯವೇ ಎಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಮೂರನೆಯ ಭಾಗದಲ್ಲಿ ವಾದಿಸುತ್ತಾನೆ. ಸಂತ ಥಾಮಸ್ ಅಕ್ವಿನಾಸರು ಇದನ್ನು ಇನ್ನಷ್ಟು ಬಿಡಿಸಿದರು: ಎಷ್ಟು ಯತ್ನಿಸಿದರೂ ನೀಗಲಾರದ ಅಜ್ಞಾನ ಪಾಪವಲ್ಲ, ತಿಳಿಯಬೇಕಾದುದನ್ನು, ತಿಳಿಯಲು ಸಾಧ್ಯವಿದ್ದುದನ್ನು ಉದಾಸೀನದಿಂದ ತಿಳಿಯದೆ ಉಳಿಯುವುದು ಪಾಪ.

ಈ ವಿಚಾರಕ್ಕೆ ಮರೆಯಲಾಗದ ನಿದರ್ಶನವೊಂದನ್ನು ಕೊಟ್ಟವನು ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕಿಂಗ್ಡನ್ ಕ್ಲಿಫರ್ಡ್. ನಂಬಿಕೆಯ ನೀತಿಯನ್ನು ಕುರಿತ 1877ರ ಪ್ರಬಂಧದಲ್ಲಿ ಅವನು ಹಡಗೊಂದರ ಯಜಮಾನನ ಕಥೆ ಹೇಳುತ್ತಾನೆ. ಹಡಗು ಹಳೆಯದು, ಹಲವು ಬಾರಿ ರಿಪೇರಿಯಾದದ್ದು. ವಲಸೆ ಹೊರಟ ಕುಟುಂಬಗಳನ್ನು ಹೊತ್ತು ಅದು ಹೊರಡಬೇಕಾಗಿದೆ. ಅದು ಸಮುದ್ರಯಾನಕ್ಕೆ ತಕ್ಕುದೇ ಎಂಬ ಸಂಶಯ ಯಜಮಾನನಿಗೆ ಬರುತ್ತದೆ. ಸರಿಪಡಿಸಲು ಬಹಳ ಖರ್ಚಾದೀತೆಂಬುದೂ ಹೊಳೆಯುತ್ತದೆ. ಆಗ ಅವನು ತನ್ನನ್ನು ತಾನೇ ಸಂತೈಸಿಕೊಳ್ಳುತ್ತಾನೆ. ಎಷ್ಟೋ ಬಿರುಗಾಳಿಗಳನ್ನು ದಾಟಿ ಬಂದ ಹಡಗು ಈ ಸಲವೂ ಬಂದೀತು. ದೈವವು ಆ ಬಡ ಕುಟುಂಬಗಳನ್ನು ಕಾಯದೆ ಇದ್ದೀತೇ? ಹೀಗೆ ಮನಸ್ಸನ್ನು ಒಪ್ಪಿಸಿ, ಪೂರ್ಣ ನಂಬಿಕೆಯಿಂದಲೇ ಅವನು ಹಡಗನ್ನು ಬೀಳ್ಕೊಡುತ್ತಾನೆ. ಅದು ನಡುಗಡಲಿನಲ್ಲಿ ಮುಳುಗುತ್ತದೆ. ಅವನು ವಿಮೆಯ ಹಣ ಪಡೆಯುತ್ತಾನೆ.

ಅವನ ನಂಬಿಕೆ ಪ್ರಾಮಾಣಿಕವಾಗಿತ್ತು, ಆದರೂ ಅವನು ಅಪರಾಧಿ ಎಂಬುದು ಕ್ಲಿಫರ್ಡನ ತೀರ್ಮಾನ. ಯಾಕೆಂದರೆ ಆ ನಂಬಿಕೆಯನ್ನು ಅವನು ವಿಚಾರಣೆಯಿಂದ ಗಳಿಸಲಿಲ್ಲ, ಸಂಶಯವನ್ನು ಅದುಮಿ ಪಡೆದುಕೊಂಡನು. ಇನ್ನೂ ಮುಂದೆ ಹೋಗಿ ಅವನು ಹೇಳುತ್ತಾನೆ: ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ಯಜಮಾನನ ಅಪರಾಧ ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ, ಬೆಳಕಿಗೆ ಬರುತ್ತಿರಲಿಲ್ಲ, ಅಷ್ಟೆ. ದೈವದ ಮೇಲೆ ಭಾರ ಹಾಕುವ ಮಾತು ಭಕ್ತಿಯಂತೆ ಕೇಳಿಸಿದರೂ ಅಲ್ಲಿ ಅದು ಹಣ ಉಳಿಸುವ ಉಪಾಯವಾಗಿತ್ತೆಂಬುದನ್ನು ನಂಬುಗೆಯುಳ್ಳವರಾದ ನಾವು ವಿಶೇಷವಾಗಿ ಗಮನಿಸತಕ್ಕದ್ದು. ಕಾರಿನ ಕನ್ನಡಿಗೆ ಜಪಸರ ತೂಗುಹಾಕುವುದು ಒಳ್ಳೆಯದೇ. ಆದರೆ ಅದು ಬಾನೆಟ್ ತೆರೆದು ನೋಡುವ ಕೆಲಸಕ್ಕೆ ಬದಲಿಯಾಗಬಾರದು.

ಕ್ಲಿಫರ್ಡನ ಮಾತಿಗೆ ಆಕ್ಷೇಪಣೆಗಳೂ ಬಂದಿವೆ. ಅಮೆರಿಕದ ವಿಲಿಯಂ ಜೇಮ್ಸ್ 1896ರಲ್ಲಿ ಅವನಿಗೆ ಉತ್ತರ ಕೊಡುತ್ತಾ, ಬದುಕಿನ ಕೆಲವು ದೊಡ್ಡ ವಿಷಯಗಳಲ್ಲಿ ಪೂರ್ಣ ಪುರಾವೆಗಾಗಿ ಕಾಯುತ್ತ ಕೂರಲಾಗದು, ನಂಬಿ ಹೆಜ್ಜೆಯಿಡಲೇಬೇಕಾಗುತ್ತದೆ ಎಂದನು. ಅದು ನಿಜ. ವಿವಾಹ, ಸ್ನೇಹ, ವಿಶ್ವಾಸಗಳು ಅಂಥವು. ಆದರೆ ಜೇಮ್ಸನ ವಾದವು ಪುರಾವೆಯಿಂದ ತೀರ್ಮಾನಿಸಲಾಗದ ಪ್ರಶ್ನೆಗಳಿಗೆ ಮಾತ್ರ ಅನ್ವಯಿಸುತ್ತದೆ. ಗ್ಯಾಸ್ಕೆಟ್ ಸೋರುತ್ತಿದೆಯೇ ಇಲ್ಲವೇ ಎಂಬುದು ಅಂಥ ಪ್ರಶ್ನೆಯಲ್ಲ. ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿ, ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಸಂದಿನ ಬಳಿಗೂ ಹಿಡಿದರೆ ನುರಿತ ಮೆಕ್ಯಾನಿಕನು ಕೆಲವೇ ನಿಮಿಷಗಳಲ್ಲಿ ಅದನ್ನು ಹೇಳಬಲ್ಲನು.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಂಭೀರವಾದುದು. ಮನುಷ್ಯನು ಎಷ್ಟನ್ನು ತಾನೇ ತಿಳಿದಿರಬೇಕು? ಕಾರು, ಗ್ಯಾಸ್ ಸಿಲಿಂಡರು, ವಿದ್ಯುತ್ ತಂತಿ, ಬಾವಿಯ ನೀರು ಎಂದು ಎಲ್ಲವನ್ನೂ ಶಂಕಿಸುತ್ತ ಬಾಳುವುದು ಸಾಧ್ಯವೇ? ಸಾಧ್ಯವಿಲ್ಲ, ಅಂಥ ಬಾಳು ನೈತಿಕವಾಗಿಯೂ ಆರೋಗ್ಯಕರವಲ್ಲ. ಆದುದರಿಂದ ಕರ್ತವ್ಯಕ್ಕೆ ಅಳತೆ ಬೇಕು. ನನಗೆ ತೋರುವ ಮಟ್ಟಿಗೆ ನಾಲ್ಕು ಸಂಗತಿಗಳು ಕೂಡಿದಾಗ ವಿಚಾರಿಸುವ ಕರ್ತವ್ಯ ಖಚಿತವಾಗುತ್ತದೆ: ಸೂಚನೆಯೊಂದು ಈಗಾಗಲೇ ನಮ್ಮ ಗಮನಕ್ಕೆ ಬಂದಿರುವುದು, ಆಗಬಹುದಾದ ಕೇಡು ದೊಡ್ಡದಾಗಿರುವುದು, ಆ ಕೇಡನ್ನು ಅನುಭವಿಸುವವರು ನಮ್ಮನ್ನು ನಂಬಿದ ಬೇರೆಯವರಾಗಿರುವುದು, ವಿಚಾರಿಸುವ ಖರ್ಚು ಅಲ್ಪವಾಗಿರುವುದು. ಬೆಳಗಿನ ಆ ‘ಟಿಕ್ ಟಿಕ್’ ಸದ್ದಿನಲ್ಲಿ ಈ ನಾಲ್ಕೂ ಕೂಡಿವೆ. ಅದನ್ನು ಎಂದೂ ಕೇಳಿಸಿಕೊಳ್ಳದವನು ನಿರಪರಾಧಿ. ಕೇಳಿಸಿಕೊಂಡು ರೇಡಿಯೋ ಸದ್ದು ಹೆಚ್ಚಿಸಿದವನು ‘ಗೊತ್ತಿರಲಿಲ್ಲ’ ಎನ್ನಲಾರನು.

ಯಾರೂ ನೋಡದ ಜಾಗ

ಈಗ ಗ್ಯಾರೇಜಿನ ಕಡೆಗೆ ತಿರುಗೋಣ. ಗ್ಯಾಸ್ಕೆಟ್ ಬದಲಿಸುವ ಕೆಲಸದಲ್ಲಿ ಸಾಮಾನ್ಯವಾಗಿ ವಸ್ತುವಿನ ಬೆಲೆಗಿಂತ ದುಡಿಮೆಯೇ ಹೆಚ್ಚು. ಎಂಜಿನ್ ಪೂರ್ತಿ ತಣಿಯಬೇಕು. ಕೆಳಗೆ ನುಸುಳಬೇಕಾದರೆ ಬರೀ ಜಾಕನ್ನು ನಂಬದೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕಾರನ್ನು ನಿಲ್ಲಿಸಬೇಕು. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು ಕಾಯಬೇಕು, ಕೆಲವೊಮ್ಮೆ ರಾತ್ರಿಯಿಡೀ. ಆತುರಪಟ್ಟರೆ ಸ್ಟಡ್ ಮುರಿದು ಹೆಡ್ಡಿನೊಳಗೇ ಉಳಿಯುತ್ತದೆ. ಹಳೆಯ ಗ್ಯಾಸ್ಕೆಟ್ಟಿನ ಅಂಟನ್ನು ಲೋಹಕ್ಕೆ ಗೀರು ಬೀಳದಂತೆ ಕೆರೆಯಬೇಕು. ಮ್ಯಾನಿಫೋಲ್ಡಿನ ಮುಖ ಸೊಟ್ಟಗಾಗಿದೆಯೇ ಎಂದು ನೇರ ಪಟ್ಟಿ ಇಟ್ಟು ನೋಡಬೇಕು. ಸೊಟ್ಟಗಾಗಿದ್ದರೆ ಲೇತಿಗೆ ಕೊಟ್ಟು ಮಟ್ಟ ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕಿ ಪ್ರಯೋಜನವಿಲ್ಲ. ಕೊನೆಗೆ ನಡುವಿನಿಂದ ಆರಂಭಿಸಿ ಹೊರಗಿನ ಕಡೆಗೆ, ಎರಡು ಮೂರು ಸುತ್ತುಗಳಲ್ಲಿ, ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಕಡಿಮೆಯಾದರೆ ಸೋರುತ್ತದೆ, ಅತಿಯಾದರೆ ಸ್ಟಡ್ ಮುರಿಯುತ್ತದೆ.

ಒಮ್ಮೆ ಹಿಸುಕಲ್ಪಟ್ಟ ಗ್ಯಾಸ್ಕೆಟ್ ಮತ್ತೆ ಮೊದಲಿನಂತೆ ತುಂಬಿಕೊಳ್ಳುವುದಿಲ್ಲ. ಬಿಚ್ಚಿದ ಮೇಲೆ ಅದನ್ನು ಎಸೆಯಬೇಕು. ಆದರೂ ಹಳೆಯದನ್ನೇ ಒರೆಸಿ, ಸ್ವಲ್ಪ ಪೇಸ್ಟು ಬಳಿದು, ಮತ್ತೆ ಕೂರಿಸಿದರೆ ಯಾರಿಗೆ ತಿಳಿಯುತ್ತದೆ? ಮೇಲಿನಿಂದ ನೋಡಿದರೆ ಎರಡೂ ಒಂದೇ. ಕೆಲವು ವಾರ ಸದ್ದೂ ಬರದಿರಬಹುದು. ಯಾರೂ ನೋಡದ ಜಾಗದಲ್ಲಿ ಸರಿಯಾದುದನ್ನು ಮಾಡುವವನ ದುಡಿಮೆಗೆ ಹೊಗಳಿಕೆ ಸಿಗುವುದೇ ಇಲ್ಲ. ಏನೂ ಆಗದಿರುವುದೇ ಅವನ ಯಶಸ್ಸು.

ಆದರೆ ಇಲ್ಲಿ ಮೆಕ್ಯಾನಿಕನನ್ನು ಮಾತ್ರ ದೂಷಿಸುವುದು ಅನ್ಯಾಯ. ‘ಸದ್ಯಕ್ಕೆ ಓಡುವ ಹಾಗೆ ಮಾಡಿಕೊಡಿ, ಸಂಜೆಯೊಳಗೆ ಬೇಕು’ ಎಂದು ಒತ್ತಾಯಿಸುವವರು ನಾವೇ. ರಾತ್ರಿಯಿಡೀ ಎಣ್ಣೆ ನೆನೆಯಬೇಕಾದ ನಟ್ಟಿಗೆ ನಾವು ಅರ್ಧ ಗಂಟೆ ಕೊಡುತ್ತೇವೆ. ಮುನ್ನೂರು ರೂಪಾಯಿ ಚೌಕಾಸಿ ಮಾಡಿ ಗೆದ್ದೆವೆಂದು ಬೀಗುತ್ತೇವೆ. ಆ ಮುನ್ನೂರು ರೂಪಾಯಿ ಯಾವ ಹೆಜ್ಜೆಯನ್ನು ಬಿಟ್ಟುಬಿಡುವುದರಿಂದ ಉಳಿಯಿತೆಂದು ಕೇಳುವುದಿಲ್ಲ. ಪ್ರಾಮಾಣಿಕ ಕೆಲಸವನ್ನು ಬಯಸುವವನು ಅದಕ್ಕೆ ತಗಲುವ ಸಮಯವನ್ನೂ ಕೂಲಿಯನ್ನೂ ಕೊಡಲು ಸಿದ್ಧನಿರಬೇಕು. ಇಲ್ಲವಾದರೆ ಅವನು ಬಯಸಿದ್ದು ಕೆಲಸವನ್ನಲ್ಲ, ಕೆಲಸವಾಯಿತೆಂಬ ಮಾತನ್ನು.

ಮೆಕ್ಯಾನಿಕನ ಉಸಿರಿನ ಪ್ರಶ್ನೆಯೂ ಇದೆ. ದೀರ್ಘಕಾಲ ಗ್ಯಾಸ್ಕೆಟ್ಟುಗಳನ್ನು ಕಲ್ನಾರಿನಿಂದ ಮಾಡುತ್ತಿದ್ದರು. ಅದರ ನಾರು ಶ್ವಾಸಕೋಶ ಸೇರಿದರೆ ದಶಕಗಳ ಬಳಿಕವೂ ಕ್ಯಾನ್ಸರ್ ಬರಬಹುದು. ಕಲ್ನಾರು ಕಾರ್ಮಿಕರ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪು ನೀಡಿ, ಕಾರ್ಮಿಕನ ಆರೋಗ್ಯವು ಅವನ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಅವರ ಆರೋಗ್ಯದ ದಾಖಲೆಗಳನ್ನು 40 ವರ್ಷ ಕಾಪಾಡಬೇಕೆಂದೂ ಆದೇಶಿಸಿತು. ಹಳೆಯ ಕಾರಿನ ಗ್ಯಾಸ್ಕೆಟ್ಟನ್ನು ಒಣಗಿದಂತೆಯೇ ಕೆರೆದು, ಗಾಳಿಯಿಂದ ಊದಿ ಚೊಕ್ಕಟ ಮಾಡುವ ಹುಡುಗನಿಗೆ ಈ ತೀರ್ಪಿನ ಸುದ್ದಿ ತಲುಪಿರುವುದಿಲ್ಲ. ಅದನ್ನು ನೀರಿನಲ್ಲಿ ನೆನೆಸಿ, ಮುಖವಾಡ ಧರಿಸಿ ತೆಗೆಯುವಂತೆ ನೋಡಿಕೊಳ್ಳುವುದು ಮಾಲೀಕನ ಕರ್ತವ್ಯ. ವಾಹನದ ಒಡೆಯನು ಹೇಳಿದರೆ ತಪ್ಪೇನೂ ಇಲ್ಲ. ನಮ್ಮ ಮಕ್ಕಳ ಉಸಿರನ್ನು ಕಾಯಲೆಂದು ಹೊರಟ ಕೆಲಸವು ಇನ್ನೊಬ್ಬರ ಮಗನ ಉಸಿರನ್ನು ಕೆಡಿಸಬಾರದು.

ನೆಮ್ಮದಿ ಮತ್ತು ನಿರ್ಮಲತೆ

ಮನಸ್ಸಾಕ್ಷಿಯ ಬಗ್ಗೆ ಮಾತನಾಡುವಾಗ ನಾವು ಅದನ್ನು ಒಳಗಿನ ಧ್ವನಿಯೆನ್ನುತ್ತೇವೆ. ಅದು ಸುಮ್ಮನಿದ್ದರೆ ತಪ್ಪಿಲ್ಲವೆಂದು ಭಾವಿಸುತ್ತೇವೆ. ಆದರೆ ಧ್ವನಿ ನಿಲ್ಲುವುದಕ್ಕೆ ಎರಡು ಕಾರಣಗಳಿರಬಹುದು: ದೋಷ ಸರಿಹೋಗಿರಬಹುದು, ಇಲ್ಲವೇ ನಾವು ಅದಕ್ಕೆ ಒಗ್ಗಿಹೋಗಿರಬಹುದು. ಇವೆರಡನ್ನೂ ಹೊರಗಿನಿಂದ ಬೇರ್ಪಡಿಸುವುದು ಕಷ್ಟ. ಆದುದರಿಂದ ‘ನನ್ನ ಮನಸ್ಸಿಗೆ ನೆಮ್ಮದಿಯಿದೆ’ ಎಂಬುದು ಕೊನೆಯ ಉತ್ತರವಾಗಲಾರದು. ಹಡಗಿನ ಯಜಮಾನನಿಗೂ ನೆಮ್ಮದಿಯಿತ್ತು. ಆ ನೆಮ್ಮದಿ ಹೇಗೆ ಬಂತು, ನೋಡಿ ಬಂದುದೇ, ನೋಡದೆ ಬಂದುದೇ ಎಂದು ಕೇಳಬೇಕು.

ಕುಟುಂಬದ ಹಿರಿಯರು, ಶಾಲೆಯ ವ್ಯಾನು ನಡೆಸುವವರು, ಆಸ್ಪತ್ರೆ ಕಟ್ಟುವವರು, ಸಂಘದ ಲೆಕ್ಕ ಬರೆಯುವವರು, ಎಲ್ಲರೂ ತಮ್ಮ ತಮ್ಮ ಹಿಂದಿನ ಸೀಟಿನಲ್ಲಿ ಯಾರನ್ನಾದರೂ ಕೂರಿಸಿಕೊಂಡೇ ಹೋಗುತ್ತಿರುತ್ತಾರೆ. ಅವರಿಗೆಲ್ಲ ಎಲ್ಲವೂ ತಿಳಿದಿರಬೇಕೆಂದು ಯಾರೂ ಕೇಳುವುದಿಲ್ಲ. ಕೇಳಿಸಿದ ಸದ್ದನ್ನು ಕೇಳಿಸಿಕೊಂಡೆವೆಂದು ಒಪ್ಪಿಕೊಳ್ಳುವುದು, ಅದು ನಿಲ್ಲುವ ಮುನ್ನವೇ ಹೋಗಿ ನೋಡುವುದು, ಇಷ್ಟನ್ನು ಮಾತ್ರ ಕೇಳಬಹುದು. ಅಷ್ಟು ಮಾಡಿದ ಮೇಲೂ ಏನಾದರೂ ಸಂಭವಿಸಿದರೆ, ‘ನನಗೆ ಗೊತ್ತಿರಲಿಲ್ಲ’ ಎಂದು ಅವರು ತಲೆಯೆತ್ತಿ ಹೇಳಬಹುದು. ಆ ಮಾತು ಆಗ ಸತ್ಯವಾಗಿರುತ್ತದೆ.